ಖಾಲಿ ಚೀಟಿ

ಚೆನ್ನೈನ ಮಗನ ಮನೆಗೆ ಹೋಗಿದ್ದಾಗ ಮೊಮ್ಮಗಳನ್ನು ಕರೆದುಕೊಂಡು ಸಂತ ಥಾಮಸ್ ಬೆಟ್ಟಕ್ಕೆ ಹೋದೆ. ಅಲ್ಲಿಯವರ ಬಾಯಲ್ಲಿ ಅದು ಪರಂಗಿಮಲೈ. ಎತ್ತರ ಸುಮಾರು 300 ಅಡಿ. ನನ್ನ ಮಂಡಿಗೆ ಅದೇ ಹಿಮಾಲಯ. ಮೇಲಿನವರೆಗೂ ಕಾರು ಹೋಗುತ್ತದೆ. ಆದರೆ ಅವಳಿಗೆ ಮೆಟ್ಟಿಲೇ ಬೇಕಿತ್ತು. ಹಿಂದಿನ ದಿನ ಅವಳನ್ನು ಗದರಿದ್ದೆನಲ್ಲ, ಬೇಡವೆನ್ನಲು ಬಾಯಿ ಬರಲಿಲ್ಲ.

ನನ್ನ ಹೆಂಡತಿಯ ಹಳೆಯ ಪರ್ಸು ನನ್ನ ಬಳಿಯೇ ಇದೆ. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಮೊಮ್ಮಗಳು ಆ ಪರ್ಸು ತೆಗೆದು ಅಂಗಡಿ ಆಟ ಆಡುತ್ತಾ, ಒಳಗಿದ್ದ ಚೀಟಿಯನ್ನು ಕಸದ ಬುಟ್ಟಿಗೆ ಹಾಕಿಬಿಟ್ಟಿದ್ದಳು. ಮನೆಯವರೆಲ್ಲ ಬೆಚ್ಚುವಂತೆ ಕೂಗಾಡಿದೆ. "ಅದರಲ್ಲಿ ಏನೂ ಇರಲಿಲ್ಲ ತಾತ, ಖಾಲಿ ಕಾಗದ," ಎಂದು ಅತ್ತಳು. ನಿಜವೇ. ಬಸ್ಸಿನ ಮೆಷಿನ್ ಟಿಕೆಟು, ಅಚ್ಚೆಲ್ಲ ಮಾಸಿಹೋಗಿತ್ತು.

ಬೆಟ್ಟದ ಮೇಲಿನ ಚರ್ಚ್ ಪುಟ್ಟದು. ಪೋರ್ಚುಗೀಸರು 1523ರಲ್ಲಿ ಕಟ್ಟಿಸಿದ್ದು. ಯೇಸುವಿನ ಶಿಷ್ಯ ಥಾಮಸ್ ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದು, 72ರಲ್ಲಿ ಇದೇ ಬೆಟ್ಟದಲ್ಲಿ ಭರ್ಜಿಯ ಇರಿತಕ್ಕೆ ಪ್ರಾಣಬಿಟ್ಟರೆಂದು ನಂಬಿಕೆ. ಸಮಾಧಿ ಮೈಲಾಪುರದಲ್ಲಿದೆ. ಮೂಳೆಗಳು ಮಾತ್ರ ಊರೂರು ಸುತ್ತಿ 1258ರಲ್ಲಿ ಇಟಲಿಯ ಓರ್ತೋನ ಸೇರಿದವಂತೆ. ಇಲ್ಲಿ ಉಳಿದಿರುವುದು ಗಾಜಿನೊಳಗಿನ ಒಂದು ಚೂರು.

ಮೊಮ್ಮಗಳು ಗಾಜಿಗೆ ಮೂಗು ತಾಗಿಸಿ ನೋಡಿದಳು. "ಇಷ್ಟೇನಾ? ಅವರದೇ ಅಂತ ಹೇಗೆ ಗೊತ್ತು ತಾತ?"

ಕೇಳಬೇಕಾದ ಪ್ರಶ್ನೆಯೇ. ಯೇಸು ಮತ್ತೆ ಎದ್ದು ಬಂದರೆಂದಾಗ, ಗಾಯದಲ್ಲಿ ಬೆರಳಿಟ್ಟು ನೋಡದೆ ನಂಬಲಾರೆ ಎಂದವರು ಈ ಥಾಮಸರೇ. ನಾನೂ ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಸಹಿ ತಾಳೆ ನೋಡಿದವನು. ಒಂದು ಗೆರೆ ಬೇರೆಯಾದರೂ ಚೆಕ್ಕು ವಾಪಸ್. ಆದ್ದರಿಂದ ಗೊತ್ತಿದ್ದಷ್ಟು ಹೇಳಿದೆ. ಕ್ಯಾಥೊಲಿಕರಲ್ಲಿ ಇಂಥ ಅವಶೇಷಕ್ಕೆ ಮೊಹರು ಹಾಕಿ, ಇದು ಇಂಥವರದು ಎಂದು ಬಿಷಪ್ ಪತ್ರ ಬರೆದುಕೊಡುವ ಪದ್ಧತಿ ಇದೆ ಎಂದೆ. ಅವಳು "ಹೂಂ" ಅಂದಳು.

ಹೊರಗೆ ಕಟ್ಟೆಯ ಮೇಲೆ ಕೂತೆವು. ಕೆಳಗೆ ವಿಮಾನ ನಿಲ್ದಾಣ, ವಿಮಾನಗಳು ಆಟಿಕೆಗಳ ಹಾಗೆ. ಅವಳು ಅತ್ತ ನೋಡಲೇ ಇಲ್ಲ.

"ತಾತ, ಆ ಚೀಟೀಲಿ ಮೊದಲು ಏನಿತ್ತು?"

"ಮೈಸೂರು–ನಂಜನಗೂಡು. ಎರಡು ಜನಕ್ಕೆ ಒಂದೇ ಟಿಕೆಟು. ಅಜ್ಜಿ ಜೊತೆ ಹೋದ ಕೊನೇ ಬಸ್ಸು." ಸ್ವಲ್ಪ ತಡೆದು, "ನಿನ್ನನ್ನ ಹಾಗೆ ಗದರಬಾರದಿತ್ತು ಪುಟ್ಟಿ," ಎಂದೆ.

ಅವಳು ಮಾತಾಡಲಿಲ್ಲ. ಇಳಿಯುವಾಗ ಮಾತ್ರ ನನ್ನ ಕೈ ಹಿಡಿದುಕೊಂಡಳು.

ರಾತ್ರಿ ಪರ್ಸು ಕೇಳಿ ತೆಗೆದುಕೊಂಡು ಹೋದಳು. ಹಿಂದಿರುಗಿಸಿದಾಗ ಚೀಟಿ ಒಂದು ಪುಟ್ಟ ಕವರಿನೊಳಗಿತ್ತು. ಮೇಲೆ ಅವಳ ಅಕ್ಷರ: "ಇದು ಅಜ್ಜಿ ತಾತನ ಬಸ್ ಟಿಕೇಟು. ನಂಜನಗುಡು. ಎಸೆಯಬಾರದು." ಕೆಳಗೆ ಅವಳ ಸಹಿ. ಕಾಗುಣಿತ ತಿದ್ದಲು ಹೋಗಲಿಲ್ಲ.