ಗಂಗೊಳ್ಳಿಯ ಅಳಿವೆ ಮತ್ತು ಒಂದು ಕೆಂಪು ಹಗ್ಗ

ಕುಂದಾಪುರದ ಕೋಡಿ ಕಡಲತೀರದಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಗಂಗೊಳ್ಳಿ ಕಾಣುತ್ತದೆ. ನಡುವೆ ಇರುವುದು ನೀರು ಮಾತ್ರ. ಆದರೆ ರಸ್ತೆಯಲ್ಲಿ ಹೋಗುವುದಾದರೆ ತ್ರಾಸಿಯನ್ನು ಸುತ್ತಿ ಬರಬೇಕು. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿದಂತೆ ಐದು ನದಿಗಳು ಇಲ್ಲಿ ಒಂದಾಗಿ ಅರಬ್ಬಿ ಸಮುದ್ರ ಸೇರುತ್ತವೆ. ಅದಕ್ಕೇ ಪಂಚಗಂಗಾವಳಿ ಎಂಬ ಹೆಸರು. ಹೊಳೆ ಕಡಲಿಗೆ ಸೇರುವ ಬಾಯಿಗೆ ಕರಾವಳಿಯವರು ಅಳಿವೆ ಎನ್ನುತ್ತಾರೆ.

ಇಲ್ಲಿನ ಬಂದರಿಗೆ ಬಂದರೆ ದೊಡ್ಡ ಬೋಟುಗಳನ್ನಷ್ಟೇ ನೋಡಿ ಹೋಗಬೇಡಿ. ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ ಸಿಕ್ಕಿಸಿದ ನಾಡದೋಣಿಗಳನ್ನೂ ನೋಡಿ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಅಂದರೆ ಕಡಲು ಅತ್ಯಂತ ಒರಟಾಗಿರುವ ದಿನಗಳಲ್ಲಿ ನೀರಿಗಿಳಿಯುವುದು ಅತ್ಯಂತ ಸಣ್ಣ ದೋಣಿಗಳೇ!

ಎಂಜಿನ್ ಹಿಡಿದವರು ಅಲೆಯ ಹೊಡೆತಕ್ಕೆ ನೀರಿಗೆ ಬಿದ್ದರೆ ಏನಾಗುತ್ತದೆ? ದೋಣಿ ನೇರವಾಗಿ ಮುಂದೆ ಹೋಗುತ್ತದೆ ಎಂದು ನೀವು ಭಾವಿಸಬಹುದು. ಹಾಗಾಗುವುದಿಲ್ಲ. ಕೈಬಿಟ್ಟ ಹಿಡಿ ಒಂದು ಬದಿಗೆ ತಿರುಗಿಕೊಳ್ಳುತ್ತದೆ. ದೋಣಿ ವೃತ್ತಾಕಾರವಾಗಿ ಸುತ್ತಿ, ಬಿದ್ದವರತ್ತಲೇ ಮರಳಿ ಬರುತ್ತದೆ. ಅದರ ಅಡಿಯಲ್ಲಿ ಪ್ರೊಪೆಲ್ಲರ್ ತಿರುಗುತ್ತಲೇ ಇರುತ್ತದೆ.

ಇದನ್ನು ತಡೆಯಲೆಂದೇ ಇರುವುದು ಕಿಲ್ ಸ್ವಿಚ್. ಎಂಜಿನಿನ ಒಂದು ಗುಂಡಿಗೆ ಚಿಕ್ಕ ಕ್ಲಿಪ್ ಸಿಕ್ಕಿಸಿರುತ್ತದೆ. ಕ್ಲಿಪ್‌ಗೆ ಸುರುಳಿಯಾಕಾರದ ಹಗ್ಗ, ಸಾಮಾನ್ಯವಾಗಿ ಕೆಂಪು ಬಣ್ಣದ್ದು. ಹಗ್ಗದ ಇನ್ನೊಂದು ತುದಿ ಚಾಲಕರ ಮೈಮೇಲಿರಬೇಕು. ಅವರು ಬಿದ್ದೊಡನೆ ಹಗ್ಗ ಎಳೆದು ಕ್ಲಿಪ್ ಕಳಚುತ್ತದೆ, ಒಳಗಿನ ಸ್ಪ್ರಿಂಗ್ ಗುಂಡಿಯನ್ನು ಒತ್ತುತ್ತದೆ. ಸಣ್ಣ ಎಂಜಿನುಗಳಲ್ಲಿ ಆಗ ಕಿಡಿ ಹುಟ್ಟಿಸುವ ವಿದ್ಯುತ್ತು ಸ್ಪಾರ್ಕ್ ಪ್ಲಗ್‌ಗೆ ಹೋಗದೆ ಅರ್ಥ್ ಆಗಿಬಿಡುತ್ತದೆ. ಕಿಡಿಯಿಲ್ಲದೆ ಎಂಜಿನ್ ನಿಲ್ಲುತ್ತದೆ.

ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಕ್ಯಾಮೆಲ್ ಎಂಬ ನದಿಯ ಅಳಿವೆಯಿದೆ. 2013ರ ಮೇ 5ರಂದು ಅಲ್ಲಿ ವಿಹಾರಕ್ಕೆ ಹೋಗಿದ್ದ ಒಂದೇ ಕುಟುಂಬದ ಆರು ಮಂದಿ ವೇಗದ ದೋಣಿಯಿಂದ ನೀರಿಗೆಸೆಯಲ್ಪಟ್ಟರು. ಖಾಲಿ ದೋಣಿ ಸುತ್ತುತ್ತಾ ಅವರ ಮೇಲೆಯೇ ಬಂತು. ತಂದೆ ಮತ್ತು ಎಂಟು ವರ್ಷದ ಮಗಳು ತೀರಿಕೊಂಡರು. ದೋಣಿಯಲ್ಲಿ ಹಗ್ಗ ಇತ್ತು, ಆದರೆ ಅದನ್ನು ಚಾಲಕರಿಗೆ ಕಟ್ಟಿರಲಿಲ್ಲ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ವಿಹಾರ ದೋಣಿಗಳಲ್ಲಿ ಈ ಸ್ವಿಚ್ ಇದ್ದರೆ, ವೇಗವಾಗಿ ಹೋಗುವಾಗ ಅದನ್ನು ಬಳಸುವುದು 2021ರ ಏಪ್ರಿಲ್ 1ರಿಂದ ಕಡ್ಡಾಯ.

ಸಹೋದರಿಯರೇ, ಎಂಜಿನ್ ಗಂಡಸರ ವಿಷಯವೆಂದು ಸುಮ್ಮನಿರಬೇಡಿ. ನಿಮ್ಮ ಮನೆಯವರು ದೋಣಿಗೆ ಹೋಗುವವರಾದರೆ ಕೆಲವು ಮಾತು ಕೇಳಿ. ಎಂಜಿನಿನಲ್ಲಿ ಈ ಹಗ್ಗದ ಸ್ವಿಚ್ ಇದೆಯೇ? ಹಳೆಯ ಕೆಲವದರಲ್ಲಿ ನಿಲ್ಲಿಸುವ ಗುಂಡಿ ಮಾತ್ರ ಇರುತ್ತದೆ. ಹಗ್ಗವನ್ನು ತೊಡೆಗೆ ಅಥವಾ ಲೈಫ್ ಜಾಕೆಟ್ಟಿಗೆ ಭದ್ರವಾಗಿ ಕಟ್ಟುತ್ತಾರೆಯೇ? ಸಡಿಲ ಬಟ್ಟೆಗೆ ಕಟ್ಟಿದರೆ ಪ್ರಯೋಜನವಿಲ್ಲ. ಹೊರಡುವ ಮುನ್ನ ಒಮ್ಮೆ ಎಳೆದು ಎಂಜಿನ್ ನಿಲ್ಲುತ್ತದೆಯೇ ಎಂದು ಪರೀಕ್ಷಿಸುತ್ತಾರೆಯೇ? ಉಪ್ಪುನೀರು ಸ್ವಿಚ್ಚನ್ನು ಕೆಡಿಸುತ್ತದೆ. ಇನ್ನೊಂದು ಕ್ಲಿಪ್ ದೋಣಿಯಲ್ಲೇ ಇರಲಿ. ಬಿದ್ದವರ ಜೊತೆ ಮೊದಲನೆಯದೂ ನೀರು ಸೇರಿರುತ್ತದೆ. ದೋಣಿಯಲ್ಲಿ ಉಳಿದವರು ಎಂಜಿನ್ ಚಾಲೂ ಮಾಡಿ ಅವರನ್ನು ಎತ್ತಿಕೊಳ್ಳಲು ಎರಡನೆಯದೇ ಬೇಕು.

ಬುತ್ತಿ ಕಟ್ಟಿಕೊಡುವ ಹೊತ್ತಿನಲ್ಲಿ ಹಗ್ಗದ ಮಾತನ್ನೂ ನೆನಪಿಸಿ. ಹಗ್ಗ ಎಂಜಿನಿನಲ್ಲಿ ನೇತಾಡುತ್ತಿದ್ದರೆ ಸಾಲದು, ಮೈಗೆ ಕಟ್ಟಿಕೊಂಡಿದ್ದರೆ ಮಾತ್ರ ಅದು ಜೀವ ಉಳಿಸುತ್ತದೆ.