ಸದ್ದಿನ ನಡುವೆ ಒಂದು ದನಿ

ಓಕಳಿಪುರದಲ್ಲಿ ನಮ್ಮ ಮನೆಯಿರುವುದು ರೈಲುಹಳಿಯ ಮಗ್ಗುಲಲ್ಲಿ. ಹಗಲಿರುಳೆನ್ನದೆ ಗಾಡಿಗಳು ಓಡಾಡುತ್ತವೆ. ಅಟ್ಟದ ಮೇಲಿನ ಪಾತ್ರೆಗಳು ನಡುಗುತ್ತವೆ. ಆದರೂ ಬಾಗಿಲಲ್ಲಿ ಯಾರಾದರೂ ಮೆಲ್ಲನೆ ಕರೆದರೆ ಅಮ್ಮನಿಗೆ ಕೇಳಿಸುತ್ತದೆ. "ರೈಲಿನ ಸದ್ದನ್ನು ಆಚೆಗಿಟ್ಟರೆ ಉಳಿದದ್ದು ಕೇಳಿಸುತ್ತದಪ್ಪ" ಎಂಬುದು ಅವಳ ಮಾತು.

ಇಂತಹ ಅಮ್ಮ ಒಮ್ಮೆ ಬೆನ್ನುನೋವಿನಿಂದ ಹಾಸಿಗೆ ಹಿಡಿದಳು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ವೈದ್ಯರು ಎಂ.ಆರ್.ಐ. ಮಾಡಿಸಲು ಹೇಳಿದರು. ಸುರಂಗದಂತಹ ಯಂತ್ರದೊಳಗೆ ಅವಳು ಅಲುಗಾಡದೆ ಮಲಗಿದ್ದಳು. ಯಂತ್ರದ ಕಾಂತಸುರುಳಿಗಳು ಅದುರುವ ಬಡಿತ ಹೊರಗೂ ಕೇಳುತ್ತಿತ್ತು. ನನ್ನ ಎದೆಯೂ ಹಾಗೆಯೇ ಬಡಿದುಕೊಳ್ಳುತ್ತಿತ್ತು.

ಮೊದಲ ಚಿತ್ರಗಳಲ್ಲಿ ಮೂಳೆಯ ಮಜ್ಜೆಯ ಕೊಬ್ಬೇ ಬೆಳ್ಳಗೆ ಹೊಳೆಯುತ್ತಿದ್ದುದರಿಂದ ರೋಗದ ಗುರುತು ಅದರಲ್ಲಿ ಮರೆಯಾಗಿತ್ತು. "ಕೊಬ್ಬಿನ ದನಿಯನ್ನು ಅಡಗಿಸಿ ಇನ್ನೊಂದು ಚಿತ್ರ ತೆಗೆಯೋಣ" ಎಂದರು ವೈದ್ಯರು. ಹೊಸ ಚಿತ್ರದಲ್ಲಿ ಕೊಬ್ಬು ಕಪ್ಪಾಗಿ, ಬೆನ್ನೆಲುಬಿನ ಎರಡು ಮಣಿಗಳು ಮಾತ್ರ ಬೆಳಗುತ್ತಿದ್ದವು. ಸೋಂಕಿನಿಂದ ಅಲ್ಲಿ ನೀರು ತುಂಬಿತ್ತು.

ಇದು ಸಾಧ್ಯವಾದುದು ಹೇಗೆ? ನಮ್ಮ ದೇಹದ ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಜಲಜನಕವಿದೆ. ಬಲವಾದ ಕಾಂತಕ್ಷೇತ್ರದಲ್ಲಿ ಅದರ ನ್ಯೂಕ್ಲಿಯಸ್‌ಗಳು ಪುಟ್ಟ ಸೂಜಿಗಲ್ಲುಗಳಂತೆ ವರ್ತಿಸುತ್ತವೆ. 1.5 ಟೆಸ್ಲಾ ಬಲದ ಯಂತ್ರದಲ್ಲಿ ಸುಮಾರು 64 ಮೆಗಾಹರ್ಟ್ಸ್‌ನ ರೇಡಿಯೋ ಅಲೆಯನ್ನು ಕ್ಷಣಕಾಲದ ಸ್ಪಂದವಾಗಿ ಕಳಿಸಿದರೆ ಅವು ವಾಲಿ ಮರುದನಿ ಕೊಡುತ್ತವೆ. ಆ ಮರುದನಿಗಳಿಂದಲೇ ಚಿತ್ರ ಮೂಡುತ್ತದೆ. ಕೊಬ್ಬನ್ನು ಅಡಗಿಸಲು ಮೊದಲೊಂದು ಸ್ಪಂದದಿಂದ ಎಲ್ಲದರ ಕಾಂತತೆಯನ್ನೂ ತಲೆಕೆಳಗು ಮಾಡುತ್ತಾರೆ. ಬಳಿಕ ಅದು ಮೊದಲಿನ ಸ್ಥಿತಿಗೆ ಮರಳತೊಡಗುತ್ತದೆ. ಕೊಬ್ಬಿನದು ಬೇಗ, ನೀರಿನದು ನಿಧಾನ. ಸುಮಾರು 150 ಮಿಲಿಸೆಕೆಂಡು ಕಳೆದಾಗ ಕೊಬ್ಬಿನ ಕಾಂತತೆ ಸೊನ್ನೆಯನ್ನು ದಾಟುತ್ತಿರುತ್ತದೆ. ಸರಿಯಾಗಿ ಆ ಗಳಿಗೆಯಲ್ಲಿ ಎರಡನೆಯ ಸ್ಪಂದವನ್ನು ಕಳಿಸಿದರೆ ಕೊಬ್ಬು ಮರುದನಿ ಕೊಡಲಾರದು; ನೀರು ಕೊಡುತ್ತದೆ.

ಈ ವಿದ್ಯೆಗೂ ನಮ್ಮ ಊರಿಗೂ ಹಳೆಯ ನಂಟಿದೆ. ಮಲ್ಲೇಶ್ವರದಾಚೆಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅವರು 1951ರಷ್ಟು ಹಿಂದೆಯೇ ಹರಿಯುವ ದ್ರವಗಳಿಂದ ಬರುವ ಇಂತಹ ಮರುದನಿಯನ್ನು ಅಭ್ಯಸಿಸಿದ್ದರು. 1975ರಲ್ಲಿ ಜ್ಯೂರಿಚ್‌ನ ಅನಿಲ್ ಕುಮಾರ್, ವೆಲ್ಟಿ ಮತ್ತು ಅರ್ನ್‌ಸ್ಟ್ ಅವರು, ಮರುದನಿಗಳಿಂದ ಚಿತ್ರ ಕಟ್ಟುವ ಇಂದಿನ ಗಣಿತಮಾರ್ಗಕ್ಕೆ ಅಡಿಪಾಯ ಹಾಕಿದರು. ಅವರಲ್ಲಿ ಅನಿಲ್ ಕುಮಾರ್ ಅನಂತರ ಇದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ತಿಂಗಳುಗಟ್ಟಲೆ ಔಷಧ ಸೇವಿಸಿ ಅಮ್ಮ ಗುಣಮುಖಳಾದಳು. ಒಂದು ಸಂಜೆ ನಾನು ಈ ಕಥೆಯನ್ನೆಲ್ಲ ಹೇಳಿದಾಗ, "ನಾನು ರೈಲನ್ನು ಆಚೆಗಿಡುವ ಹಾಗೆ ಅದು ಕೊಬ್ಬನ್ನು ಆಚೆಗಿಟ್ಟಿತು ಅನ್ನು!" ಎಂದು ನಕ್ಕಳು.

ಅಷ್ಟರಲ್ಲಿ ಗಾಡಿಯೊಂದು ಗಡಗಡಿಸುತ್ತ ಬಂದಿತು. ಬಾಗಿಲಲ್ಲಿ ಯಾರೋ ಕರೆದರಂತೆ. ನನಗೆ ಕೇಳಿಸಲಿಲ್ಲ. ಅಮ್ಮ ಎದ್ದು, ನೆಟ್ಟಗೆ ನಡೆದುಹೋಗಿ, ಕದ ತೆರೆದಳು.