ಮೂವತ್ತಾರು ಪೀಪಾಯಿ ಚೆಲ್ಲಿದ ಊರು

ಪ್ರಾಗ್‌ನಿಂದ ಪಶ್ಚಿಮಕ್ಕೆ ರೈಲಿನಲ್ಲಿ ಹೊರಟರೆ ಸುಮಾರು ಒಂದೂವರೆ ಗಂಟೆಗೆ ಪಿಲ್ಸೆನ್ ಸಿಗುತ್ತೆ. ಊರಿನ ಚೌಕದಲ್ಲಿ ನಿಂತಿದ್ದಾಗ ಅಮ್ಮನ ಫೋನ್ ಬಂತು.

‘ಎಲ್ಲಿದೀಯಾ?’

‘ಬಿಯರ್ ಮಾಡೋ ಜಾಗ ನೋಡೋಕೆ ಬಂದಿದೀನಿ ಅಮ್ಮ.’

ಒಂದು ಕ್ಷಣ ಮೌನ. ‘ಸರಿ, ನೋಡ್ಕೊಂಡು ಮಾತ್ರ ಬಾ’ ಅಂದು ಫೋನಿಟ್ಟರು.

1295ರಲ್ಲಿ ರಾಜ ಎರಡನೇ ವೆನ್ಸೆಸ್ಲಾಸ್ ಈ ಊರನ್ನು ಕಟ್ಟಿಸಿದ. ಬಿಯರ್ ತಯಾರಿಸುವ ಹಕ್ಕು ಇಲ್ಲಿನ ಮನೆಗಳ ಯಜಮಾನರಿಗೆ ಸಿಕ್ಕಿತು. ಆದರೆ ಒಂದು ಸಲದ ರುಚಿ ಇನ್ನೊಂದು ಸಲ ಇರ್ತಿರಲಿಲ್ಲ. 1838ರಲ್ಲಿ ಪರಿಸ್ಥಿತಿ ಎಷ್ಟು ಕೆಟ್ಟಿತೆಂದರೆ, ಕುಡಿಯೋಕೆ ಲಾಯಕ್ಕಿಲ್ಲ ಅಂತ 36 ಪೀಪಾಯಿ ಬಿಯರನ್ನು ಪುರಭವನದ ಎದುರೇ ಚೆಲ್ಲಿಬಿಟ್ಟರು. ನಾನು ನಿಂತಿದ್ದ ಇದೇ ಚೌಕದಲ್ಲಿ!

ಬರೀ ಚೆಲ್ಲಿ ಸುಮ್ಮನಾಗಲಿಲ್ಲ. ಎಲ್ಲರೂ ಸೇರಿ ಹೊಸ ಬ್ರೂವರಿ ಕಟ್ಟಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಅನ್ನುವವನನ್ನು ಕರೆಸಿದರು. ಅವನಿಗಿನ್ನೂ 29 ವರ್ಷ. ನಮ್ಮ ದೋಸೆ ಹಿಟ್ಟು ಉಬ್ಬೋಕೆ ಬೆಚ್ಚಗಿರಬೇಕು ತಾನೇ? ಅವನು ಬಳಸಿದ ಯೀಸ್ಟ್ ತದ್ವಿರುದ್ಧ. ತಂಪಿನಲ್ಲಿ, ಪಾತ್ರೆಯ ತಳದಲ್ಲಿ, ನಿಧಾನವಾಗಿ ಹುದುಗುವಂಥದ್ದು. ಜೊತೆಗೆ ತಿಳಿ ಬಣ್ಣಕ್ಕೆ ಒಣಗಿಸಿದ ಮೊಳಕೆ ಬಾರ್ಲಿ, ಜಾಟೆಟ್ಸ್ ಊರಿನ ಹಾಪ್ಸ್ ಹೂವು, ಪಿಲ್ಸೆನ್‌ನ ಮೆದು ನೀರು. 1842ರ ಅಕ್ಟೋಬರ್ 5ರಂದು ಕಾಯಿಸಿದ್ದು ನವೆಂಬರ್‌ನಲ್ಲಿ ಲೋಟಕ್ಕೆ ಬಂದಾಗ ಹೊಳೆಯುವ ಚಿನ್ನದ ಬಣ್ಣ! ‘ಪಿಲ್ಸ್ನರ್’ ಅನ್ನೋ ಹೆಸರು ಹುಟ್ಟಿದ್ದೇ ಈ ಊರಿನಿಂದ. ಇಂದು ಜಗತ್ತಿನ ತುಂಬಾ ಸಿಗುವ ತಿಳಿ ಲಾಗರ್‌ಗಳಲ್ಲಿ ಬಹುಪಾಲು ಇದರದ್ದೇ ವಂಶ.

ಬ್ರೂವರಿಯ ಕೆಳಗೆ ಕಿಲೋಮೀಟರ್‌ಗಟ್ಟಲೆ ನೆಲಮಾಳಿಗೆಗಳಿವೆ. ಸ್ವೆಟರ್ ಇಲ್ಲದೆ ಹೋದ ನಾನು ನಡುಗಿಬಿಟ್ಟೆ. ಕೊನೆಯಲ್ಲಿ ಓಕ್ ಮರದ ಪೀಪಾಯಿಯಿಂದಲೇ ಒಂದು ಲೋಟ ಕೊಡ್ತಾರೆ. ಅಮ್ಮನ ಮಾತು ಅರ್ಧ ಮಾತ್ರ ಪಾಲಿಸಿದೆ, ಒಂದೇ ಗುಟುಕು.

ಆದರೆ ತಲೆಯಲ್ಲಿ ಕೂತಿದ್ದು ಆ ಗುಟುಕಲ್ಲ, ಚೆಲ್ಲಿದ 36 ಪೀಪಾಯಿ. ಹಿಂದಿನ ವಾರ ನನ್ನ ಕೋಡ್‌ನಲ್ಲಿ ತಪ್ಪಿದೆ ಅಂತ ಗೊತ್ತಿದ್ದೂ ‘ಆಮೇಲೆ ನೋಡೋಣ’ ಅಂತ ಕಳಿಸಿಬಿಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ. ಇವರೋ, ತಮ್ಮ ಕೆಟ್ಟ ಕೆಲಸವನ್ನು ಊರೆದುರೇ ಸುರಿದಿದ್ದರು.

ವಾಪಸ್ ಬರುವಾಗ ರೈಲಿನಲ್ಲೇ ಮ್ಯಾನೇಜರ್‌ಗೆ ಮೇಲ್ ಬರೆದೆ. ಮೂರು ಸಲ ಅಳಿಸಿ, ನಾಲ್ಕನೇ ಸಲ ಕಳಿಸಿದೆ.

ರಾತ್ರಿ ಅಮ್ಮನಿಗೆ ಈ ಕತೆಯೆಲ್ಲ ಹೇಳಿದೆ. ‘ಹಿಟ್ಟು ಕೆಟ್ರೆ ನಾನೂ ಚೆಲ್ತೀನಪ್ಪ. ಅದನ್ನ ಕಲಿಯೋಕೆ ಅಷ್ಟು ದೂರ ಹೋಗ್ಬೇಕಿತ್ತಾ?’ ಅಂದರು.